ಮತ್ತು ವೃಂದ

ಅಶೋಕ ರಸ್ತೆಯ ರೈಲ್ವೆ ಗೇಟು ಬಿದ್ದಾಗಲೆಲ್ಲ
ನಮ್ಮ ಸ್ಟುಡಿಯೋದಲ್ಲಿ
ಎಂಥ ದೇವರ ಹಾಡಾದರೂ ಅರ್ಧಕ್ಕೇ ನಿಲ್ಲುತ್ತಿತ್ತು.
ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿದ ಕೋಣೆ,
ಫ್ಯಾನು ಹಾಕುವಂತಿಲ್ಲ, ಅದೂ ಹಾಡುತ್ತದೆ.
ಹುಬ್ಬಳ್ಳಿ ಕಡೆಯ ಗಾಡಿ ದಾಟುವ ತನಕ
ಗಾಯಕರು ಬೆವರು ಒರೆಸಿಕೊಳ್ಳುವರು,
ತಬಲಾದ ಚಂದ್ರಾಚಾರಿ ಎಲೆಯಡಿಕೆ ಉಗಿದು ಬರುವನು,
ದಸ್ತಗೀರ ಮಾತ್ರ
ಗಿಟಾರಿನ ಹೊಟ್ಟೆಗೆ ಕಿವಿಯಿಟ್ಟು
ಡಬ್ಬಿ ಎಣಿಸುವನು.

ಮಂಡಕ್ಕಿ ಭಟ್ಟಿಯ ಮನೆ ಅವನದು.
ನಸುಕಿನಲ್ಲಿ ಹಳೆ ಟೈರು ಉರಿಸಿ,
ಕಾದ ಮರಳಲ್ಲಿ ಅಕ್ಕಿ ಅರಳಿಸಿ,
ಹತ್ತಕ್ಕೆ ಮಿಂದು ಬಂದರೂ ಉಗುರ ಸಂದಿಯಲ್ಲಿ ಮಸಿ.
ತಂತಿಯ ಮೇಲೆ ಬೆರಳು ಜಾರುವಾಗ
ಚರ್ ಎಂದು ಒಂದು ಮರಳಿನ ಸದ್ದು.
ಬೆಂಗಳೂರಿನವರು ಅದನ್ನು ತೆಗೆ ಅನ್ನುತ್ತಿದ್ದರು.
ನಾನು ತೆಗೆದಂತೆ ಮಾಡುತ್ತಿದ್ದೆ.

ಒಂದು ಹಾಡಿಗೆ ನೂರಿಪ್ಪತ್ತು, ಊಟ ಅವರದ್ದೇ.
ದುಗ್ಗಮ್ಮನ ಸುಪ್ರಭಾತ, ಅಯ್ಯಪ್ಪನ ಭಜನೆ,
ಉರುಸಿನ ಕವ್ವಾಲಿ, ಕ್ರಿಸ್ಮಸ್ಸಿಗೆ ಪಾದ್ರಿಗಳು ಬರೆದ ನಾಲ್ಕು.
ಚುನಾವಣೆ ಬಂದರೆ ಒಂದೇ ದಿನ, ಒಂದೇ ಶ್ರುತಿ,
ಬೆಳಗ್ಗೆ ಗೆಲ್ಲಿಸಿದವನನ್ನು ಮಧ್ಯಾಹ್ನ ಸೋಲಿಸಿ
ಸಂಜೆ ಸಾಬೂನಿನ ಜಾಹೀರಾತು.
ಪಲ್ಲವಿ ಮುಗಿದು ಚರಣ ಹತ್ತುವ ಮೊದಲು
ಯಾವ ದೇವರಿಗಾದರೂ ಉಸಿರೆಳೆಯಲು ಎಂಟು ಮಾತ್ರೆ ಬೇಕು.
ಆ ಎಂಟು ಮಾತ್ರೆ ದಸ್ತಗೀರನದು.
ಕ್ಯಾಸೆಟ್ಟಿನ ಹೊದಿಕೆಯಲ್ಲಿ
ಗಾಯಕರ ಫೋಟೋ, ಬರೆದವರ ಹೆಸರು, ದಾನಿಗಳ ಹೆಸರು,
ಸಂಗೀತ: ಇಂಥವರು ಮತ್ತು ವೃಂದ.
ಹದಿನೇಳು ವರ್ಷ ಅವನು ವೃಂದವಾಗಿದ್ದ.

ದೋಸೆ ಹೋಟೆಲಿನಲ್ಲಿ ಒಮ್ಮೆ ಅವನ ಹೆಂಡತಿ
ರೇಡಿಯೋ ಕಡೆ ಬೆರಳು ಮಾಡಿ
ಗಲ್ಲಾದವನಿಗೆ ಹೇಳಿದಳಂತೆ: ಇದು ಇವರದು.
ಆತ ಕಣ್ಣೆತ್ತದೆ,
ಎರಡು ಬೆಣ್ಣೆ, ಒಂದು ಖಾಲಿ ಅಂದನಂತೆ.

ರಂಜಾನು ಮುಗಿದ ಮೂರನೇ ರಾತ್ರಿ
ಕರ್ಚೀಫಿನ ಗಂಟು ಬಿಚ್ಚಿ ಹತ್ತು ಸಾವಿರ ಎಣಿಸಿಟ್ಟ.
"ವಿರುಪಾಕ್ಷಣ್ಣ, ನಂದೇ ಒಂದು ಮಾಡಣ.
ಹಾಡೋರು ಬ್ಯಾಡ."
ಶುರು ಮಾಡಿದೆವು.
ಎಂಟು ಮಾತ್ರೆ ನುಡಿಸುವನು,
ತಲೆಯೆತ್ತಿ ಖಾಲಿ ಮೈಕಿನ ಕಡೆ ನೋಡುವನು,
ಯಾರೋ ಎತ್ತಿಕೊಳ್ಳಬೇಕಿತ್ತಲ್ಲ ಎಂಬ ಹಾಗೆ.
ಎರಡು ರಾತ್ರಿ ಹೀಗೇ ಹೋಯಿತು, ಟೇಪೂ ಹೋಯಿತು.

ಮರುರಾತ್ರಿ ಗೇಟು ಬಿತ್ತು.
ನಿಲ್ಲಿಸಲು ಗುಂಡಿಗೆ ಬೆರಳಿಟ್ಟೆ.
ಕಣ್ಣಲ್ಲೇ ಬೇಡವೆಂದ.
ಗಾಡಿ ಬಂತು,
ಕಾದು ನಿಂತ ಲಾರಿಯ ಹಾರನ್ನು, ಯಾರದೋ ಬೈಗುಳ,
ಎಲ್ಲಕ್ಕೂ ನಡುನಡುವೆ ಜಾಗ ಬಿಡುತ್ತ ನುಡಿಸಿದ,
ಹೊತ್ತಲ್ಲದ ಹೊತ್ತಿಗೆ ಬಂದವರಿಗೆ
ಚಾಪೆ ಸರಿಸಿ ಕೊಡುವ ಹಾಗೆ.

ಹೊದಿಕೆಯ ಪ್ರೂಫು ಬಂತು. ದೊಡ್ಡದಾಗಿ ಅವನ ಹೆಸರು.
ಕೆಳಗೆ ಅವನೇ ಪೆನ್ನಿನಲ್ಲಿ ಸೇರಿಸಿದ: ಮತ್ತು ವೃಂದ.
ಯಾವ ವೃಂದನೋ ಮಾರಾಯ, ಇದ್ದವನು ನೀನೊಬ್ಬ!
ನಕ್ಕ. ಗೇಟಿನ ಕಡೆ ಗದ್ದ ತೋರಿಸಿದ.

ಐದುನೂರು ಪ್ರತಿ. ಹೋದದ್ದು ಅರವತ್ತೊಂದು,
ಅದರಲ್ಲಿ ಹನ್ನೆರಡು ನಾನೇ ಕೊಂಡದ್ದು.
ಆದರೂ ಎರಡನೆಯದು ಮಾಡಿದ, ಮೂರನೆಯದೂ,
ನಡುವೆ ಅದೇ ನೂರಿಪ್ಪತ್ತರ ದೇವರುಗಳು.
ಆಮೇಲೆ ಕೀಬೋರ್ಡಿನ ಒಳಗೇ ಗಿಟಾರು ಬಂತು,
ಅದಕ್ಕೆ ಉಗುರಿಲ್ಲ, ಮಸಿಯಿಲ್ಲ.
ಕ್ಯಾಸೆಟ್ಟೂ ಸತ್ತಿತು.
ಉಳಿದವು ಮಂಡಕ್ಕಿ ಚೀಲ ತುಂಬಿ ಭಟ್ಟಿಯ ಅಟ್ಟ ಸೇರಿದವು.

ಹೋದ ವರ್ಷ, ಮೆಕ್ಕೆಜೋಳ ಹಾಲುಗಟ್ಟುವ ಹೊತ್ತು,
ಕಕ್ಕರಗೊಳ್ಳದ ದಾರಿಯಲ್ಲಿ
ಅವನ ಟಿವಿಎಸ್ಸಿನ ಹಿಂದೆ ಕೂತಿದ್ದೆ.
ಅಟ್ಟ ಖಾಲಿ ಮಾಡುವಾಗ ತಂಗಿಯ ಮಗ
ಚೀಲಗಳನ್ನು ಯಾರಿಗೋ ಕೊಟ್ಟಿದ್ದನಂತೆ.
ಹೊಲದವರು ರೀಲು ಬಿಚ್ಚಿ
ಗೂಟದಿಂದ ಗೂಟಕ್ಕೆ ಬಿಗಿದಿದ್ದರು, ಗಿಳಿ ಬೆದರಲೆಂದು.
ಬಿಸಿಲಿಗೆ ಕಂದು ಹೊಳಪು,
ಗಾಳಿಗೆ ಹೊಲವೆಲ್ಲ ಗುಂಯ್.
ಏನು ಹೇಳಲಿ ಎಂದು ನಾನು ತಡಕಾಡುತ್ತಿದ್ದೆ.
ಗಾಡಿ ನಿಲ್ಲಿಸಿದ. ತಲೆ ಓರೆ ಮಾಡಿದ.
"ಆ ಮೂಲೆದು ಒಂದೀಟು ಇಳದೈತಿ ನೋಡು"
ಅಂದವನೇ ಬದು ದಾಟಿ ಹೋಗಿ
ಗೂಟಕ್ಕೆ ಇನ್ನೊಂದು ಸುತ್ತು ಸುತ್ತಿ ಬಂದ.